ಒಂದು ಮಠದ ಕಾಡು ಮತ್ತು ಅದರ ಒಡೆಯರು

ಮಠಗಳಿಗೆ ಭೂಮಿಯು ದತ್ತಿಯಾಗಿ ಬರುವುದು ಅನೇಕ ದೇಶಗಳಲ್ಲಿ ಪೂರ್ವದಿಂದಲೂ ನಡೆದುಬಂದ ಸಂಗತಿಯಾಗಿದೆ. ಗದ್ದೆಯನ್ನು ಕೊಟ್ಟ ದಾನಿಯು ವರ್ಷ ತುಂಬುವುದರೊಳಗಾಗಿ ಅದರ ಬೆಳೆಯಿಂದ ಅನ್ನಸಂತರ್ಪಣೆಯಾಗುವುದನ್ನು ಕಣ್ಣಾರೆ ಕಾಣಬಲ್ಲನು. ತೋಟವನ್ನು ಕೊಟ್ಟವನು ಹತ್ತು ವರ್ಷ ಕಾದರೆ ಫಲವನ್ನು ನೋಡಿಯಾನು. ಕಾಡಿನ ಸಂಗತಿಯು ಹಾಗಲ್ಲ. ಒಬ್ಬ ಒಡೆಯನು ಬಿಟ್ಟ ಮರವನ್ನು ಅವನ ಮೂರನೆಯ ತಲೆಯವನು ಕಡಿಯಬೇಕು. ಅವನು ಕಡಿದ ಬುಡವು ಮತ್ತೆ ಚಿಗುರುವಂತೆ ನೋಡಿಕೊಂಡರೆ ಮಾತ್ರ ಆರನೆಯ ತಲೆಯವನಿಗೆ ಏನಾದರೂ ದೊರೆಯುವುದು. ಆದಕಾರಣ ಒಂದು ಕಾಡು ಯಾರ ಯಾರ ಕೈ ಸೇರಿತು, ಯಾರು ಅದನ್ನು ಹೇಗೆ ನಡೆಯಿಸಿದರು ಎಂಬುದನ್ನು ತಿಳಿಯುವುದೆಂದರೆ, ಆ ಒಡೆಯರ ಸ್ವಭಾವವನ್ನೇ ತಿಳಿದಂತಾಗುವುದು. ಅಂತಹ ಒಂದು ಚಿಕ್ಕ ಕಾಡಿನ ಚರಿತ್ರೆಯನ್ನು ಇಲ್ಲಿ ನಿರೂಪಿಸಲಾಗಿದೆ. ಅದು ಇರುವುದು ಇಂಗ್ಲೆಂಡ್ ದೇಶದಲ್ಲಿ. ಒಂದು ಕಾಲಕ್ಕೆ ಅದು ಒಂದು ದೊಡ್ಡ ಮಠದ ಸ್ವತ್ತಾಗಿದ್ದಿತು.

ಇಂಗ್ಲೆಂಡಿನ ಪೂರ್ವಭಾಗದಲ್ಲಿ ಸಫೋಕ್ ಎಂಬ ಜಿಲ್ಲೆಯುಂಟು. ಅಲ್ಲಿಯ ಬರಿ ಸೆಂಟ್ ಎಡ್ಮಂಡ್ಸ್ ಎಂಬ ಊರಿಗೆ ಆ ಹೆಸರು ಬಂದುದು, ೮೬೯ರಲ್ಲಿ ಡೇನ್ ಜನರ ಕೈಯಲ್ಲಿ ಹತನಾದ ಎಡ್ಮಂಡ್ ಎಂಬ ಅರಸನಿಂದ. ಜನರು ಅವನನ್ನು ಸಂತನೆಂದು ಭಾವಿಸಿ ಅವನ ಸಮಾಧಿಗೆ ನಡೆದುಕೊಳ್ಳಲಾರಂಭಿಸಿದರು. ವಿಚಿತ್ರವೆಂದರೆ, ಅವನನ್ನು ಕೊಂದ ಡೇನ್ ಜನರ ವಂಶದವನೇ ಆದ ಕನೂಟ್ ಮಹಾರಾಜನು ೧೦೨೦ರಲ್ಲಿ ಅಲ್ಲಿ ಬೆನೆಡಿಕ್ಟನ ಪಂಥದ ಸಂನ್ಯಾಸಿಗಳನ್ನು ನೆಲೆಗೊಳಿಸಿದನು. ಮುಂದೆ ಐನೂರು ವರ್ಷಗಳ ಕಾಲ ಆ ಮಠವು ದೇಶದ ಅತಿ ಶ್ರೀಮಂತ ಮಠಗಳಲ್ಲೊಂದಾಗಿ ಬೆಳಗಿತು. ಮಠದಿಂದ ಆಗ್ನೇಯಕ್ಕೆ ಕೆಲವೇ ಮೈಲಿಗಳ ದೂರದಲ್ಲಿರುವ ಬ್ರಾಡ್‌ಫೀಲ್ಡ್ ಎಂಬಲ್ಲಿ ಅದಕ್ಕೆ ಸೇರಿದ ಕಾಡಿದ್ದಿತು. ಅದರ ಒಂದು ಭಾಗಕ್ಕೆ ಫೆಲ್ಷಮ್‌ಹಾಲ್ ವನವೆಂದೂ, ಇನ್ನೊಂದು ಭಾಗಕ್ಕೆ ಮಂಕ್ಸ್ ಪಾರ್ಕ್, ಎಂದರೆ ಸಂನ್ಯಾಸಿಗಳ ಉಪವನ, ಎಂದೂ ಹೆಸರು.

ಈ ಕಾಡನ್ನು ಕ್ರಮವರಿತು ಕಡಿಯುತ್ತ ಬಂದಿರುವರೆಂಬುದಕ್ಕೆ ೧೨೫೨ರಿಂದ ಆಧಾರ ದೊರೆಯುವುದು. ಕಡಿಯುತ್ತ ಬಂದಿರುವರೆಂಬ ಮಾತನ್ನು ಕೇಳಿ ವಾಚಕರು ಆಶ್ಚರ್ಯಪಡಬೇಕಾಗಿಲ್ಲ. ಕಬ್ಬನ್ನು ಕೊಯ್ದ ಮೇಲೆ ಅದೇ ಬುಡದಿಂದ ಕೂಳೆ ಕಬ್ಬು ಏಳುವುದನ್ನು ನಮ್ಮ ರೈತರೆಲ್ಲರೂ ಬಲ್ಲರು. ಆ ದೇಶದ ಆಶ್, ಹೇಸಲ್ ಮೊದಲಾದ ಮರಗಳ ಗುಣವೂ ಅಂತಹುದೇ. ನೆಲದ ಮಟ್ಟಕ್ಕೆ ಕಡಿದರೆ ಅವು ಸಾಯುವುದಿಲ್ಲ. ಮರುವಸಂತದಲ್ಲಿ ಬೊಡ್ಡೆಯ ಸುತ್ತಲೂ ಹತ್ತಾರು ನೇರವಾದ ಚಿಗುರುಗಳು ಏಳುವುವು. ಇದಕ್ಕೆ ಆಂಗ್ಲರು ಕಾಪಿಸ್ ಎನ್ನುವರು. ಕಾಡನ್ನು ಪಾಲುಗಳಾಗಿ ವಿಂಗಡಿಸಿ, ಪ್ರತಿ ಚಳಿಗಾಲದಲ್ಲಿ ಒಂದು ಪಾಲನ್ನು ಮಾತ್ರ ಕಡಿಯುವರು. ಮಧ್ಯಯುಗದಲ್ಲಿ ಐದಾರು ವರ್ಷಗಳಿಗೊಮ್ಮೆ, ಎಂಟು ವರ್ಷಗಳಿಗೊಮ್ಮೆ ಸರದಿಯು ತಿರುಗಿಬರುತ್ತಿದ್ದಿತು. ಈಚಿನ ಶತಮಾನಗಳಲ್ಲಿ ಅದು ದೀರ್ಘವಾಯಿತು. ಸಣ್ಣ ಗಳುಗಳು ಬೇಲಿಗೂ, ಗೋಡೆಯ ಹಂದರಕ್ಕೂ, ಉಪಕರಣಗಳ ಹಿಡಿಗೂ ಸಲ್ಲುವುವು, ಉಳಿದುದು ಒಲೆಗೆ. ನಡುನಡುವೆ ಕೆಲವು ಓಕ್ ಮರಗಳನ್ನು ಕಡಿಯದೆ ತೊಲೆಗಾಗಿ ಬಿಡುವರು. ಹೀಗೆ ಸೌದೆಯು ಕೆಲವು ವರ್ಷಗಳ ಬೆಳೆಯಾಗಿಯೂ, ತೊಲೆಯು ಎರಡು ಮೂರು ತಲೆಮಾರುಗಳ ಬೆಳೆಯಾಗಿಯೂ ಒಂದೇ ನೆಲದಲ್ಲಿ ನಡೆಯುತ್ತಿದ್ದಿತು. ಎಳೆಯ ಚಿಗುರನ್ನು ದನಗಳೂ ಜಿಂಕೆಗಳೂ ಮೇಯದಂತೆ ಇಂತಹ ಕಾಡುಗಳ ಸುತ್ತ ಅಗಲವಾದ ಕಂದಕವನ್ನೂ, ಅದರ ಮಣ್ಣಿನಿಂದ ಎತ್ತರವಾದ ಏರಿಯನ್ನೂ ಕಟ್ಟುತ್ತಿದ್ದರು. ಏಳುನೂರು ಎಂಟುನೂರು ವರ್ಷಗಳ ಮೇಲೆಯೂ ಆ ಏರಿಗಳು ಎಷ್ಟೋ ಕಡೆ ಕರಗದೆ ನಿಂತಿವೆ.

ಇಂತಹ ಕಡಿತದಿಂದ ಮರವು ಅಳಿಯುವುದಿರಲಿ, ಅದರ ಆಯುಸ್ಸೇ ಬೆಳೆಯುವುದು. ತನ್ನ ಪಾಡಿಗೆ ಬಿಟ್ಟ ಆಶ್ ಮರವು ಎರಡು ಮೂರು ಶತಮಾನಗಳಲ್ಲಿ ಮುಪ್ಪಾಗಿ ಬೀಳುವುದು. ಕಡಿಸಿಕೊಂಡ ಮರದ ಬೊಡ್ಡೆಯಾದರೋ ಪ್ರತಿ ಸಲವೂ ತುಸು ಹೊರಕ್ಕೆ ಹರಡುತ್ತ, ಒಳಗೆ ಟೊಳ್ಳಾಗಿ, ಬಳೆಯಂತೆ ವಿಸ್ತಾರವಾಗುತ್ತ ಹೋಗುವುದು. ಫೆಲ್ಷಮ್‌ಹಾಲ್ ವನದಲ್ಲಿರುವ ಒಂದು ಆಶ್ ಬೊಡ್ಡೆಯು ಹದಿನೆಂಟೂವರೆ ಅಡಿ ಅಡ್ಡಗಲವುಳ್ಳದ್ದು. ಅದರ ವಯಸ್ಸು ಒಂದು ಸಾವಿರ ವರ್ಷಕ್ಕೆ ಕಡಿಮೆಯಿರಲಾರದೆಂದು ಬಲ್ಲವರ ಎಣಿಕೆ. ಎಂದಮೇಲೆ ಕನೂಟನು ಮಠವನ್ನು ಸ್ಥಾಪಿಸಿದ ಕಾಲಕ್ಕೆ ಆ ಮರವು ಅಲ್ಲಿದ್ದಿರಬೇಕು. ಮಠವು ಹಾಳಾದ ಮೇಲೂ ಅದು ಚಿಗುರುತ್ತಲೇ ಬಂದಿತು.

ಮಠದವರಿಗೆ ಕಾಡಿನ ಮೇಲೆ ಎಂತಹ ಕಣ್ಣಿದ್ದಿತೆಂಬುದಕ್ಕೆ ಒಂದು ಸ್ವಾರಸ್ಯವಾದ ವೃತ್ತಾಂತವಿದೆ. ೧೧೮೨ರಲ್ಲಿ ಸ್ಯಾಮ್ಸನ್ ಎಂಬ ಸಂನ್ಯಾಸಿಯು ಆ ಮಠಕ್ಕೆ ಅಧಿಪತಿಯಾದನು. ಅವನ ದಿನಚರ್ಯೆಯನ್ನು ಹತ್ತಿರದಿಂದ ನೋಡುತ್ತಿದ್ದ ಬ್ರೇಕ್‌ಲಂಡಿನ ಜಾಸೆಲಿನ್ ಎಂಬ ಮಠವಾಸಿಯು ಲ್ಯಾಟಿನ್ ಭಾಷೆಯಲ್ಲಿ ಒಂದು ಚರಿತ್ರೆಯನ್ನು ಬರೆದಿಟ್ಟಿರುವನು. ೧೮೪೩ರಲ್ಲಿ ಕಾರ್ಲೈಲ್ ಪಂಡಿತನು ತನ್ನ ಗ್ರಂಥದಲ್ಲಿ ಇದನ್ನು ಬಳಸಿಕೊಂಡುದರಿಂದ ಸ್ಯಾಮ್ಸನ್ನನ ಹೆಸರು ಲೋಕಪ್ರಸಿದ್ಧವಾಯಿತು. ಸ್ಯಾಮ್ಸನ್ ಮಠಕ್ಕೆ ಬಂದಾಗ ಬೊಕ್ಕಸದಲ್ಲಿ ಸಾಲವಲ್ಲದೆ ಬೇರೇನೂ ಇರಲಿಲ್ಲ. ಅವನು ಗ್ರಾಮಗ್ರಾಮಕ್ಕೆ ಹೋಗಿ ಲೆಕ್ಕ ಕೇಳಿ, ಬಿದ್ದ ಮನೆಗಳನ್ನು ಎತ್ತಿಸಿ, ಮಠವನ್ನು ಉದ್ಧರಿಸಿದನು. ಆಗ ಈಲಿ ಎಂಬ ನೆರೆಯ ಪೀಠದ ಬಿಷಪ್ಪನಾಗಿದ್ದ ಜೆಫ್ರಿ ರಿಡೆಲ್ ದೊಡ್ಡ ಕಟ್ಟಡವನ್ನು ಕಟ್ಟಿಸುತ್ತಿದ್ದನು. ತೊಲೆಗಳಿಗಾಗಿ ಮಠದ ಕಾಡಿನಿಂದ ಓಕ್ ಮರಗಳನ್ನು ಕೊಡಬೇಕೆಂದು ಕೇಳಿದನು. ಸ್ಯಾಮ್ಸನ್ನನಿಗೆ ಮನಸ್ಸಿಲ್ಲದಿದ್ದರೂ ಅಷ್ಟು ದೊಡ್ಡವರನ್ನು ನೋಯಿಸಲಾರದೆ ಒಪ್ಪಿದನು. ಕೆಲವು ದಿನಗಳ ಮೇಲೆ ಬಿಷಪ್ಪನ ಗುಮಾಸ್ತನು ಬಂದು, ಮಾತು ಕೊಟ್ಟ ಮರಗಳನ್ನು ಎಲ್ಮ್ಸ್‌ವೆಲ್ ಕಾಡಿನಿಂದ ಕೊಡಿಸಬೇಕೆಂದು ಬಿನ್ನವಿಸಿದನು. ಎಲ್ಮ್ಸ್‌ವೆಲ್ಲಿನಲ್ಲಿ ಅಂತಹ ಮರಗಳೇ ಇಲ್ಲವಲ್ಲಾ ಎಂದು ಸ್ಯಾಮ್ಸನ್ ಬೆರಗಾದನು. ಆಗ ಕಾಡು ಕಾಯುವವನು ಹತ್ತಿರಕ್ಕೆ ಬಂದು ಗುಟ್ಟಾಗಿ, ಬಿಷಪ್ಪನವರು ಹೋದ ವಾರ ತಮ್ಮ ಬಡಗಿಗಳನ್ನು ಎಲ್ಮ್‌ಸೆಟ್ ಕಾಡಿಗೆ ಕಳುಹಿಸಿ, ಉತ್ತಮವಾದ ಮರಗಳನ್ನು ಆರಿಸಿ ಗುರುತು ಹಾಕಿಸಿರುವರೆಂದು ಅರಿಕೆಮಾಡಿದನು. ಗುಮಾಸ್ತನು ಬಾಯಿತಪ್ಪಿ ಒಂದು ಹೆಸರಿಗೆ ಇನ್ನೊಂದು ಹೆಸರನ್ನು ಹೇಳಿದ್ದನು! ಸ್ಯಾಮ್ಸನ್ ಏನೂ ಅರಿಯದವನಂತೆ, ಕೇಳಿದುದನ್ನು ಕೇಳಿದಂತೆಯೇ ಕೊಟ್ಟೆನೆಂದು ಹೇಳಿ ಅವನನ್ನು ಬೀಳ್ಕೊಟ್ಟನು. ಮರುದಿನ ಪ್ರಾತಃಕಾಲದ ಪೂಜೆಯು ಮುಗಿದ ಕೂಡಲೇ ತನ್ನ ಬಡಗಿಗಳೊಡನೆ ಎಲ್ಮ್‌ಸೆಟ್ಟಿಗೆ ಹೋಗಿ, ಬಿಷಪ್ಪನು ಗುರುತಿಟ್ಟ ಮರಗಳಿಗೂ, ಅವಲ್ಲದೆ ಇನ್ನೂ ನೂರಕ್ಕೂ ಹೆಚ್ಚು ಮರಗಳಿಗೂ ಮಠದ ಮುದ್ರೆಯನ್ನು ಹಾಕಿಸಿ, ಮಠದ ದೊಡ್ಡ ಗೋಪುರದ ಶಿಖರಕ್ಕಾಗಿ ಅವನ್ನು ಬೇಗನೆ ಕಡಿಯುವಂತೆ ಅಪ್ಪಣೆಮಾಡಿದನು. ಬಿಷಪ್ಪನು ತಪ್ಪನ್ನು ತಿಳಿದು ಗುಮಾಸ್ತನನ್ನು ಚೆನ್ನಾಗಿ ಬಯ್ದು ಮತ್ತೆ ಅಟ್ಟುವ ಹೊತ್ತಿಗೆ ಕಾಲವು ಮೀರಿಹೋಗಿದ್ದಿತು. ಇದನ್ನು ಕಂಡು ತಾನು ನಕ್ಕೆನೆಂದು ಜಾಸೆಲಿನನೇ ಬರೆದುಕೊಂಡಿರುವನು.

ಸ್ಯಾಮ್ಸನ್ ಮಾಡಿದುದು ಧರ್ಮವೋ ಅಲ್ಲವೋ ಎಂಬುದನ್ನು ವಾಚಕರೇ ವಿಚಾರಮಾಡಬಹುದು. ಗಮನಿಸತಕ್ಕ ಅಂಶವೆಂದರೆ, ಯಾವ ಕಾಡಿನಲ್ಲಿ ಯಾವ ಮರವಿದೆಯೆಂಬುದನ್ನು ಅಷ್ಟು ದೊಡ್ಡ ಮಠದ ಒಡೆಯನು ಬಲ್ಲವನಾಗಿದ್ದನು. ಅವನು ಬಲ್ಲುದಕ್ಕಿಂತ ಹೆಚ್ಚಾಗಿ ಕಾಡು ಕಾಯುವವನು ಬಲ್ಲವನಾಗಿದ್ದನು. ಇದೇ ಸ್ಯಾಮ್ಸನ್ ಅನೇಕ ಉಪವನಗಳನ್ನು ಮಾಡಿಸಿ ಅವುಗಳಲ್ಲಿ ಮೃಗಗಳನ್ನು ತುಂಬಿದ್ದನೆಂದೂ, ಗಣ್ಯರಾದ ಅತಿಥಿಗಳು ಬಂದಾಗ ಸಂನ್ಯಾಸಿಗಳೊಡನೆ ಮರಗಳ ನಡುವೆ ಕುಳಿತು ಬೇಟೆನಾಯಿಗಳ ಓಟವನ್ನು ನೋಡುತ್ತಿದ್ದನೆಂದೂ, ಆದರೆ ಅವನು ಜಿಂಕೆಯ ಮಾಂಸವನ್ನು ರುಚಿನೋಡಿದುದನ್ನು ತಾನು ಒಮ್ಮೆಯೂ ಕಾಣಲಿಲ್ಲವೆಂದೂ ಜಾಸೆಲಿನ್ ಹೇಳುವನು.

ಎಂಟನೆಯ ಹೆನ್ರಿ ಅರಸನು ದೇಶದ ಮಠಗಳನ್ನೆಲ್ಲ ಮುಚ್ಚಿಸಿ ಅವುಗಳ ಆಸ್ತಿಯನ್ನು ವಶಪಡಿಸಿಕೊಳ್ಳುತ್ತ ಬಂದಾಗ, ೧೫೩೯ರ ನವೆಂಬರ್ ತಿಂಗಳಲ್ಲಿ ಈ ಮಠದ ಸರದಿಯೂ ಬಂದಿತು. ಕೊನೆಯ ಮಠಾಧಿಪತಿಯಾದ ಜಾನ್ ರೀವ್ ಕೆಲವೇ ತಿಂಗಳುಗಳಲ್ಲಿ ತೀರಿಕೊಂಡನು. ಮಾಡಿನ ಸೀಸವನ್ನು ಕಿತ್ತರು. ಕಲ್ಲುಗಳನ್ನು ಹೊತ್ತುಕೊಂಡು ಹೋದರು. ಆ ಮಠದ ದೇವಾಲಯದಲ್ಲಿ ಅರಸನ ಒಡಹುಟ್ಟಿದ ತಂಗಿಯಾದ ಮೇರಿಯ ಸಮಾಧಿಯಿದ್ದಿತು. ಅದನ್ನು ಸಹ ಅಲ್ಲಿಂದ ತೆಗೆದು ಸಮೀಪದ ಇನ್ನೊಂದು ದೇವಾಲಯಕ್ಕೆ ಸಾಗಿಸಬೇಕಾಯಿತು. ಇಂದು ಹೋಗಿ ನೋಡುವವರಿಗೆ ಎರಡು ಮಹಾದ್ವಾರಗಳೂ, ಕೆಲವು ಮುರಿದ ಗೋಡೆಗಳೂ, ನಡುವೆ ಹೂವಿನ ತೋಟವೂ ಕಾಣುವುವು. ಶಾಶ್ವತವಾಗಲೆಂದು ಕಲ್ಲಿನಲ್ಲಿ ಕಟ್ಟಿದುದು ಹಾಳಾಯಿತು. ವರ್ಷವರ್ಷವೂ ಕಡಿಯುತ್ತಿದ್ದ ಕಾಡು ಉಳಿಯಿತು.

ಅದು ಉಳಿದುದು ಭಕ್ತಿಯಿಂದಲ್ಲ, ಲಾಭದಿಂದ. ಮಠದ ಕಾಡುಗಳನ್ನು ಪಡೆದ ಗೃಹಸ್ಥರಿಗೆ ಸೌದೆಯ ಹಣವು ತಪ್ಪದೆ ಬರುತ್ತಿದ್ದಿತು. ಆ ಹಣ ಬರಬೇಕಾದರೆ ಬುಡವನ್ನು ಕಾಯಬೇಕಾಗಿದ್ದಿತು. ಮಠಗಳನ್ನು ಮುರಿಸಿದ ಅದೇ ಹೆನ್ರಿಯ ಆಳ್ವಿಕೆಯಲ್ಲಿಯೇ, ೧೫೪೩ರಲ್ಲಿ, ಕಾಡುಗಳ ರಕ್ಷಣೆಗಾಗಿ ಒಂದು ಕಾಯಿದೆಯು ಹೊರಟಿತು. ಅದರ ಪ್ರಕಾರ ಇಂತಹ ಕಾಡನ್ನು ಕಡಿಯುವವನು ಎಕರೆಗೆ ಹನ್ನೆರಡು ಮರಗಳನ್ನು ನಿಲ್ಲಿಸಬೇಕು; ಕಡಿದ ಮೇಲೆ ಕೆಲವು ವರ್ಷಗಳ ಕಾಲ ಬೇಲಿಹಾಕಿ ದನಗಳನ್ನು ತಡೆಯಬೇಕು. ಬ್ರಾಡ್‌ಫೀಲ್ಡಿನಲ್ಲಿ ಅರಸರು ಬದಲಾದರು, ಒಡೆಯರು ಬದಲಾದರು. ಕೊಡಲಿಯ ಸರದಿಯು ಮಾತ್ರ ಬದಲಾಗಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಕೂಡ ಸಮೀಪದ ವೆಲ್ನೆಥಮ್ ಎಂಬ ಊರಿನ ಚಿಕ್ಕ ಕಾರ್ಖಾನೆಯೊಂದು ಈ ಕಾಡಿನ ಆಶ್ ಗಳುಗಳಿಂದ ಹುಲ್ಲೆಳೆಯುವ ಹಲುಬೆಗಳ ಹಿಡಿಗಳನ್ನು ಮಾಡುತ್ತಿದ್ದಿತು.

ಬೇರೆ ಕಾಡುಗಳಿಗೆ ಈ ಭಾಗ್ಯವಿರಲಿಲ್ಲ. ರೈಲುಗಳು ಬಂದ ಮೇಲೆ ಕಲ್ಲಿದ್ದಲು ಹಳ್ಳಿಹಳ್ಳಿಗೂ ಮುಟ್ಟಿ, ಸೌದೆಯನ್ನು ಕೇಳುವವರು ಕಡಿಮೆಯಾದರು. ಮೊದಲನೆಯ ಮಹಾಯುದ್ಧದಲ್ಲಿ ತೊಲೆಗಳಿಗೆ ಅಭಾವವುಂಟಾದುದರಿಂದ ಸರಕಾರವು ೧೯೧೯ರಲ್ಲಿ ಅರಣ್ಯ ಮಂಡಲಿಯನ್ನು ಸ್ಥಾಪಿಸಿ, ಬೇಗ ಬೆಳೆಯುವ ಸೂಚಿಪರ್ಣದ ವಿದೇಶೀ ಮರಗಳನ್ನು ನೆಡುವುದಕ್ಕೆ ಉತ್ತೇಜನ ಕೊಟ್ಟಿತು. ಎರಡನೆಯ ಮಹಾಯುದ್ಧವಾದ ಮೇಲೆ ಧಾನ್ಯದ ಚಿಂತೆಯೂ ಅದಕ್ಕೆ ಸೇರಿತು. ಹಳೆಯ ಕಾಡೆಂದರೆ ಸುಮ್ಮನೆ ಬಿದ್ದ ನೆಲವೆಂಬ ಭಾವನೆಯು ಒಡೆಯರಲ್ಲಿಯೂ ಅಧಿಕಾರಿಗಳಲ್ಲಿಯೂ ಬೇರೂರಿತು. ಆ ದೇಶದಲ್ಲಿ ೧೯೩೦ರ ವೇಳೆಗೆ ಉಳಿದಿದ್ದ ಪುರಾತನ ವನಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಮುಂದಿನ ಅರ್ಧ ಶತಮಾನದಲ್ಲಿ ಹೊಲವಾಗಿಯೋ ಸೂಚಿಪರ್ಣದ ನೆಡುತೋಪಾಗಿಯೋ ರೂಪಾಂತರ ಹೊಂದಿತು. ಸಾವಿರ ವರ್ಷಗಳಲ್ಲಿ ಕೊಡಲಿಯು ಮಾಡದ ಹಾನಿಯನ್ನು ಬುಲ್‌ಡೋಜರ್ ಎಂಬ ಯಂತ್ರವು ಕೆಲವೇ ದಿನಗಳಲ್ಲಿ ಮಾಡಬಲ್ಲುದಾಗಿದ್ದಿತು. ಏಕೆಂದರೆ ಕೊಡಲಿಯು ಮರವನ್ನು ತೆಗೆಯುವುದು, ಯಂತ್ರವು ಬುಡವನ್ನೇ ತೆಗೆಯುವುದು.

ಆ ಯಂತ್ರವು ಕಡೆಗೆ ಬ್ರಾಡ್‌ಫೀಲ್ಡಿಗೂ ಬಂದಿತು. ೧೯೬೦ರ ಈಚಿನ ವರ್ಷಗಳಲ್ಲಿ ಸಂನ್ಯಾಸಿಗಳ ಉಪವನದ ದೊಡ್ಡ ಪಾಲನ್ನು ಬುಡಸಹಿತ ಕಿತ್ತು ಹೊಲವನ್ನಾಗಿ ಮಾಡಿದರು. ಕಾನೂನಿನ ಪ್ರಕಾರ ಅದು ಒಡೆಯರ ಸ್ವಂತ ನೆಲ. ಸುತ್ತಲಿನ ಗ್ರಾಮಸ್ಥರೂ ನಿಸರ್ಗಪ್ರೇಮಿಗಳೂ ಕೂಗಿಕೊಂಡರು. ಕೂಗಿದ ಮಾತ್ರಕ್ಕೆ ಕಾಡು ಉಳಿಯುವಂತಿರಲಿಲ್ಲ, ಉಳಿಸಬೇಕಾದರೆ ಕೊಳ್ಳಬೇಕಾಗಿದ್ದಿತು. ೧೯೧೨ರಲ್ಲಿ ಚಾರ್ಲ್ಸ್ ರಾಥ್‌ಚೈಲ್ಡ್ ಎಂಬ ಗೃಹಸ್ಥನು ಸ್ಥಾಪಿಸಿದ್ದ ನಿಸರ್ಗರಕ್ಷಣೆಯ ಸಂಘವು ೧೯೭೦ರಲ್ಲಿ ಉಳಿದ ಕಾಡನ್ನು ಕ್ರಯಕ್ಕೆ ಪಡೆಯಿತು. ಈಗ ಅದನ್ನು ಸಫೋಕ್ ಜಿಲ್ಲೆಯ ವನ್ಯಜೀವಿ ಸಂಘವು ನೋಡಿಕೊಳ್ಳುತ್ತಿದೆ. ಇದಕ್ಕೆ ಮೊದಲೇ, ೧೯೬೨ರಲ್ಲಿ, ಕೇಂಬ್ರಿಜ್ ಸಮೀಪದ ಹೇಲಿ ವನವನ್ನು ಅಲ್ಲಿಯ ನಿಸರ್ಗಪ್ರೇಮಿಗಳ ಸಂಘವು ಕೊಂಡಿದ್ದಿತು. ಅದೂ ಧರ್ಮಪೀಠದ ಸ್ವತ್ತಾಗಿದ್ದ ಕಾಡೇ. ೧೨೫೧ರ ಈಲಿ ಬಿಷಪ್ಪರ ದಾಖಲೆಯಲ್ಲಿ ಅದು ಎಂಬತ್ತು ಎಕರೆಯ ಕಾಡೆಂದು ಬರೆದಿರುವುದು. ಸ್ಯಾಮ್ಸನ್ನನಿಂದ ಓಕ್ ಮರಗಳನ್ನು ಬೇಡಿದವನು ಅದೇ ಪೀಠದವನೆಂಬುದನ್ನು ವಾಚಕರು ನೆನೆಯಬಹುದು. ೧೯೭೨ರಲ್ಲಿ ಡೆವನ್ ಪ್ರಾಂತದ ಕೆನೆತ್ ವಾಟ್ಕಿನ್ಸ್ ಎಂಬವನು ಇಂತಹ ಕಾಡುಗಳನ್ನು ಕೊಂಡು ಕಾಪಾಡುವುದಕ್ಕೆಂದೇ ಒಂದು ದತ್ತಿಸಂಸ್ಥೆಯನ್ನು ಆರಂಭಿಸಿದನು.

ಈ ಕಾಡುಗಳ ಬೆಲೆಯನ್ನು ಲೋಕಕ್ಕೆ ತಿಳಿಸಿದವರಲ್ಲಿ ಕೇಂಬ್ರಿಜ್ಜಿನ ಆಲಿವರ್ ರ‍್ಯಾಕಮ್ ಅಗ್ರಗಣ್ಯನು. ಸಸ್ಯಶಾಸ್ತ್ರವನ್ನೂ ಚರಿತ್ರೆಯನ್ನೂ ಒಟ್ಟುಗೂಡಿಸಿ, ೨೦೧೫ರಲ್ಲಿ ದಿವಂಗತನಾಗುವವರೆಗೆ ಅವನು ಕಾಡುಗಳನ್ನು ಕಡತಗಳಂತೆ ಓದುತ್ತಿದ್ದನು. ಹೇಲಿ ವನವೊಂದರ ಮೇಲೆಯೇ ೧೯೭೫ರಲ್ಲಿ ಅವನ ಗ್ರಂಥವು ಪ್ರಕಟವಾಯಿತು. ಇಂಗ್ಲೆಂಡಿನಲ್ಲಿ ೧೬೦೦ರಿಂದ ಈಚೆಗೆ ಎಡೆಬಿಡದೆ ಕಾಡಾಗಿಯೇ ಇರುವ ನೆಲಕ್ಕೆ ಪುರಾತನ ವನವೆಂಬ ಹೆಸರು ಸಲ್ಲುವುದು. ಅದಕ್ಕೆ ಮೊದಲು ಮರಗಳನ್ನು ನೆಟ್ಟು ಕಾಡುಮಾಡುವ ಪದ್ಧತಿಯು ವಿರಳವಾಗಿದ್ದುದರಿಂದ, ಅಂದು ಇದ್ದ ಕಾಡು ಅದಕ್ಕೂ ಬಹು ಹಿಂದಿನದೆಂದು ಊಹಿಸಲು ಅವಕಾಶವಿದೆ. ಹಳೆಯ ದಾಖಲೆ, ಹಳೆಯ ನಕ್ಷೆ, ನೆಲದ ಮೇಲಿನ ಏರಿ, ಇವಲ್ಲದೆ ನೆಲದ ಹೂಗಿಡಗಳೂ ಸಾಕ್ಷಿ ನುಡಿಯುವುವು. ಆಕ್ಸ್‌ಲಿಪ್, ಬ್ಲೂಬೆಲ್ ಮುಂತಾದ ಕೆಲವು ಸಣ್ಣ ಗಿಡಗಳು ಬಹು ಮೆಲ್ಲಗೆ ಹರಡುವ ಸ್ವಭಾವದವಾದುದರಿಂದ, ಹೊಸದಾಗಿ ನೆಟ್ಟ ತೋಪುಗಳಿಗೆ ನೂರು ವರ್ಷಗಳಾದರೂ ಅನೇಕ ವೇಳೆ ಮುಟ್ಟಿರುವುದಿಲ್ಲ. ಬ್ರಾಡ್‌ಫೀಲ್ಡಿನ ಚಿಕ್ಕ ಕಾಡಿನಲ್ಲಿ ಮುನ್ನೂರೈವತ್ತಕ್ಕೂ ಮೀರಿದ ಸಸ್ಯಜಾತಿಗಳಿವೆ. ೧೯೮೧ರಿಂದ ಸರಕಾರದ ಕಡೆಯಿಂದಲೇ ಇಂತಹ ವನಗಳ ಪಟ್ಟಿಯು ತಯಾರಾಯಿತು. ಬ್ರಿಟನ್ನಿನ ನೆಲದಲ್ಲಿ ಇವು ಈಗ ನೂರಕ್ಕೆ ಎರಡೂವರೆ ಪಾಲು ಮಾತ್ರ ಇರುವುವೆಂದು ಎಣಿಸಿರುವರು.

ಸಂಘಗಳು ಕೊಂಡ ಕಾಡುಗಳಲ್ಲದೆ, ಗೃಹಸ್ಥರು ತಮಗಾಗಿ ಕೊಳ್ಳುವ ಚಿಕ್ಕ ಕಾಡುಗಳೂ ಆ ದೇಶದಲ್ಲಿ ಹಲವಿವೆ. ದೊಡ್ಡ ಜಮೀನುದಾರರ ಕೈತಪ್ಪಿದ ಕಾಡುಗಳನ್ನು ವರ್ತಕರು ಮೂರು ನಾಲ್ಕು ಎಕರೆಗಳ ತುಂಡುಗಳಾಗಿ ಮಾರುವುದುಂಟು. ಕೊಳ್ಳುವವರಲ್ಲಿ ಬಹುಮಂದಿ ಪಟ್ಟಣವಾಸಿಗಳು. ಮರದ ನೆರಳಿನಲ್ಲಿ ಒಂದು ದಿನ ಕಳೆಯಬೇಕು, ಮನೆಯ ಒಲೆಗೆ ಸೌದೆಯಾಗಬೇಕು, ಮಕ್ಕಳಿಗೆ ಬಿಟ್ಟುಹೋಗಬೇಕು ಎಂಬುದೇ ಅವರ ಆಸೆ. ಕ್ರಯಪತ್ರವಾದ ಮೇಲೆ ನೆಲವು ಅವರದೇ. ಆದರೂ ಎಷ್ಟು ಅವರದು ಎಂಬುದು ಬೇರೆ ಪ್ರಶ್ನೆ. ಪತ್ರದಲ್ಲಿ ಬೇಟೆಯ ಹಕ್ಕನ್ನೋ ಖನಿಜದ ಹಕ್ಕನ್ನೋ ಹಿಂದಿನ ಒಡೆಯನು ಇಟ್ಟುಕೊಂಡಿರಬಹುದು. ನಡುವೆ ಊರವರ ಕಾಲುದಾರಿಯಿದ್ದರೆ ಅದನ್ನು ಮುಚ್ಚುವಂತಿಲ್ಲ. ವಾಸಕ್ಕೆ ಮನೆ ಕಟ್ಟಲು ಅನುಮತಿ ದೊರೆಯುವುದು ದುರ್ಲಭ. ೧೯೬೭ರ ಅರಣ್ಯ ಕಾಯಿದೆಯ ಮೇರೆಗೆ, ಮೂರು ತಿಂಗಳ ಅವಧಿಗೆ ಐದು ಘನಮೀಟರಿಗಿಂತ ಹೆಚ್ಚಾಗಿ ಮರ ಕಡಿಯಬೇಕಾದರೆ ಸಾಮಾನ್ಯವಾಗಿ ಪರವಾನಗಿ ಬೇಕು. ಆ ಐದರಲ್ಲಿಯೂ ಮಾರತಕ್ಕದ್ದು ಎರಡು ಮಾತ್ರ. ಬುಡದಿಂದ ಚಿಗುರಿದ ಸಣ್ಣ ಗಳುಗಳಿಗೆ ಕಾಯಿದೆಯೇ ವಿನಾಯಿತಿ ಕೊಟ್ಟಿರುವುದು ಗಮನಾರ್ಹವಾಗಿದೆ. ಸ್ಯಾಮ್ಸನ್ನನ ಕಾಲದಲ್ಲಿ ತೊಲೆಗೂ ಸೌದೆಗೂ ಇದ್ದ ಭೇದವು ಇಂದಿನ ಕಾನೂನಿನಲ್ಲಿಯೂ ಹೀಗೆ ಉಳಿದಿದೆ.

ಹೊಸ ಒಡೆಯರಿಂದ ಸಾಮಾನ್ಯವಾಗಿ ಆಗುವ ತಪ್ಪುಗಳು ದುರುದ್ದೇಶದಿಂದ ಆಗುವುವಲ್ಲ. ಒಬ್ಬನು ಬಿದ್ದ ಮರಗಳನ್ನು ಕಸವೆಂದು ತೆಗೆಸಿ ಕಾಡನ್ನು ತೋಟದಂತೆ ಗುಡಿಸುವನು. ಆ ಕೊಳೆತ ಮರದಲ್ಲಿಯೇ ಸಾವಿರ ಹುಳುಗಳೂ ಅಣಬೆಗಳೂ ಬಾಳುವುವೆಂದು ಅವನಿಗೆ ತಿಳಿಯದು. ಮತ್ತೊಬ್ಬನು ಪುಣ್ಯಕಾರ್ಯವೆಂದು ಅಂಗಡಿಯಿಂದ ಸಸಿಗಳನ್ನು ತಂದು ನೆಡುವನು. ಸಾವಿರ ವರ್ಷ ತಾನಾಗಿ ನಡೆದ ಕಾಡಿಗೆ ಅವನ ಸಸಿಗಳು ಬೇಕಾಗಿರಲಿಲ್ಲ. ಇನ್ನೊಬ್ಬನು ಮರ ಕಡಿಯುವುದು ಪಾಪವೆಂದು ಕೈಕಟ್ಟಿ ಕುಳಿತುಕೊಳ್ಳುವನು. ಅಂಥವನ ಕಾಡಿನಲ್ಲಿ ನೆರಳು ದಟ್ಟವಾಗುತ್ತ, ಕಡಿದ ಪಾಲಿನ ಬಿಸಿಲಿನಲ್ಲಿ ಎರಡು ಮೂರು ವರ್ಷ ಅರಳಬೇಕಾದ ಹೂಗಳು ಅಡಗುವುವು; ದಟ್ಟವಾದ ಎಳೆಯ ಚಿಗುರಿನಲ್ಲಿ ಗೂಡು ಕಟ್ಟುವ ನೈಟಿಂಗೇಲ್ ಹಕ್ಕಿಯು ಬೇರೆಡೆಗೆ ಹೋಗುವುದು. ಇವರಲ್ಲಿ ಮೂರನೆಯವನ ತಪ್ಪನ್ನು ತಿದ್ದುವುದೇ ಬಹು ಕಷ್ಟವೆಂದು ತೋರುವುದು, ಏಕೆಂದರೆ ಅದು ಸದ್ಭಾವದ ವೇಷದಲ್ಲಿರುತ್ತದೆ.

ಕಡಿಯುವುದಕ್ಕೂ ಈಗ ವಿಘ್ನಗಳಿಲ್ಲದೆ ಇಲ್ಲ. ಜಿಂಕೆಗಳ ಸಂಖ್ಯೆಯು ವಿಶೇಷವಾಗಿ ಬೆಳೆದಿರುವುದರಿಂದ ಕಡಿದ ಪಾಲಿಗೆ ಬೇಲಿಹಾಕದಿದ್ದರೆ ಚಿಗುರು ಉಳಿಯದು. ಸಂನ್ಯಾಸಿಗಳು ಏರಿ ಕಟ್ಟಿ ತಡೆದ ಶತ್ರುವನ್ನೇ ಇಂದಿನವರು ತಂತಿ ಬಿಗಿದು ತಡೆಯುತ್ತಿರುವರು. ೨೦೧೨ರಲ್ಲಿ ಸಫೋಕಿಗೆ ನೆರೆಯದಾದ ನಾರ್ಫೋಕ್ ಜಿಲ್ಲೆಯ ಆಶ್‌ವೆಲ್‌ಥಾರ್ಪ್ ಎಂಬ ಪುರಾತನ ವನದಲ್ಲಿ ಆಶ್ ಮರಗಳನ್ನು ಒಣಗಿಸುವ ಒಂದು ಬೂಷ್ಟುರೋಗವು ಕಾಣಿಸಿಕೊಂಡು, ದೇಶವನ್ನೆಲ್ಲ ವ್ಯಾಪಿಸಿತು. ಆ ರೋಗಕ್ಕೆ ಕ್ರಯಪತ್ರದ ಗಡಿಯು ತಿಳಿಯದು.

ಬ್ರಾಡ್‌ಫೀಲ್ಡಿನಲ್ಲಿ ಉಳಿದ ಕಾಡಿನೊಳಗೆ ಚಳಿಗಾಲದ ಕಡಿತವು ಹಿಂದಿನಂತೆಯೇ ನಡೆದುಬಂದಿದೆ. ಕಡಿದ ಪಾಲಿನಲ್ಲಿ ವಸಂತಕ್ಕೆ ಹೂವು, ಅದರಾಚೆಯ ಪಾಲಿನಲ್ಲಿ ಆಳೆತ್ತರದ ಚಿಗುರು, ಇನ್ನೂ ಆಚೆ ಹಳೆಯ ಓಕ್ ಮರಗಳು. ೧೯೬೦ರ ಈಚೆಗೆ ಉತ್ತ ನೆಲದಲ್ಲಿ ಇವಾವುವೂ ಇಲ್ಲ. ಆ ನೆಲವನ್ನು ಹಣ ಕೊಟ್ಟು ಕೊಳ್ಳಬಹುದು, ಸಸಿಗಳನ್ನು ನೆಡಬಹುದು. ಆದರೆ ಕಿತ್ತುಹಾಕಿದ ಬೊಡ್ಡೆಗಳು ಯಾರ ಬಳಿಯಲ್ಲಿಯೂ ಮಾರಾಟಕ್ಕೆ ಇಲ್ಲ. ಅದರ ಪಕ್ಕದಲ್ಲಿ ಉಳಿದುಕೊಂಡ ಸ್ವಲ್ಪ ಭಾಗವನ್ನು ಜನರು ಇಂದಿಗೂ ಸಂನ್ಯಾಸಿಗಳ ಉಪವನವೆಂದೇ ಕರೆಯುತ್ತಿರುವರು.